ಟ್ರಂಕ್ ಬುಕ್ಕಿನ ಹಿಂದಿನ ಪುಟ

ಆ ದೇಶದ ಹೆಸರು ಹೇಳುವುದಿಲ್ಲ.
ಸೋತವರ ಹೆಸರು ಸಂತೆಯಲ್ಲಿ ಎತ್ತಬಾರದು
ಎಂದವರು ಚೋಂದಮ್ಮನವರು,
ವಿರಾಜಪೇಟೆ ಎಕ್ಸ್‌ಚೇಂಜಿನ ರಾತ್ರಿ ಪಾಳಿಯವರು.
ನಾನು ಐತಪ್ಪ, ಲೈನ್‌ಮನ್. ಕಂಬ ಹತ್ತುವವನು.
ಹಾಡಿನ ವಿಷಯ ನನಗೆ ಗೊತ್ತಿಲ್ಲ,
ತಂತಿಯ ವಿಷಯ ಕೇಳಿ.

ಮೇ ತಿಂಗಳ ಒಂದು ಶನಿವಾರ, ವರ್ಷಕ್ಕೊಂದೇ ಸಲ,
ಊರೆಲ್ಲ ಮಲಗಿದ ಮೇಲೆ ಬೋರ್ಡಿನ ಪಕ್ಕಕ್ಕೆ
ಫಿಲಿಪ್ಸ್ ರೇಡಿಯೋ ಬರುತ್ತಿತ್ತು, ಟವೆಲ್ಲು ಸುತ್ತಿಕೊಂಡು,
ಬಾಣಂತಿ ಮನೆಯಿಂದ ಮಗು ಬಂದ ಹಾಗೆ.
ಏರಿಯಲ್ಲಿಗೆ ತಾಮ್ರದ ತಂತಿ ಕಟ್ಟಿದ್ದು ನಾನೇ.
ಇಲಾಖೆಯದು. ಈಗ ಹೇಳಬಹುದು, ಪೆನ್ಶನ್ ಶುರುವಾಗಿದೆ.
ಮಲೆತಿರಿಕೆ ಬೆಟ್ಟದ ಹಿಂದೆ ಗುಡುಗು ಗೊಣಗುತ್ತಿರುವಾಗ
ಯುರೋಪು ಹಾಡುತ್ತಿತ್ತು.
ದೇಶಕ್ಕೊಂದು ಹಾಡು, ಮೂರು ನಿಮಿಷ.
ನಮ್ಮ ಟ್ರಂಕ್ ಕಾಲಿನಷ್ಟೇ.

ಹಾಡುವಾಗ ಅವರು ಸ್ವೆಟರ್ ಹೆಣೆಯುತ್ತಿದ್ದರು.
ಕಿವಿ ನಿಮಿರುತ್ತಿದ್ದುದು ಆಮೇಲೆ,
ಒಂದೊಂದು ರಾಜಧಾನಿಯಿಂದ ಅಂಕದ ಫೋನು ಬರುವಾಗ.
ಹಲೋ, ಕೇಳಿಸುತ್ತಿದೆಯೇ, ಎನ್ನುವಳು ಒಬ್ಬಳು.
ಮಧ್ಯೆ ಕರಕರ. ಆಮೇಲೆ ಕಡಲ ತಳದಷ್ಟು ಮೌನ.
"ನೋಡು ಐತಪ್ಪ, ಅಲ್ಲೊಬ್ಬಳು ಪ್ಲಗ್ಗು ಹಿಡಿದು ಕೂತಿದ್ದಾಳೆ.
ಅವಳ ಹೆಸರು ಮಾತ್ರ ಯಾರೂ ಹೇಳುವುದಿಲ್ಲ."

ಟ್ರಂಕ್ ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ.
ಬೇತ್ರಿ ಸೇತುವೆ ಮುಳುಗಿದ ವರ್ಷ, ಹತ್ತೊಂಬತ್ತರಲ್ಲಿ ಹದಿನೇಳು.
ತಿತಿಮತಿಯಲ್ಲಿ ಆನೆ ಆರು ಕಂಬ ಮಲಗಿಸಿದ ವರ್ಷ, ಹದಿನೆಂಟು.
ಕಿತ್ತಳೆಗೆ ರೋಗ ಬಂದ ವರ್ಷ ಕೊನೆ. ಅಂಕ ಸೊನ್ನೆ.
ಮರುವರ್ಷವೂ ಸೊನ್ನೆ.
ಪಕ್ಕದ ದೇಶವೂ ಒಂದಂಕ ಕೊಡಲಿಲ್ಲವಲ್ಲ ಅಂದೆ.
"ಬೇಲಿ ತಕರಾರು ಇರಬೇಕು. ನಮ್ಮಲ್ಲಿ ಇಲ್ಲವಾ?"

ಅದೇ ದೇಶ ಯಾಕೆ, ಕೇಳಿದೆ ಒಮ್ಮೆ.
"ಚಿಕ್ಕದು. ಬೆಟ್ಟ ಜಾಸ್ತಿ. ಅವರ ಮಾತು ಪಕ್ಕದವರಿಗೆ ತಿಳಿಯದು.
ಆದರೂ ಅದರಲ್ಲೇ ಹಾಡುತ್ತವೆ, ಮಂಕುಗಳು."
ಅಂದು, ಕಡ್ಡಿಗೆ ಉಲ್ಲನ್ ಸುತ್ತಿದರು
ಬೇಕಾದ್ದಕ್ಕಿಂತ ಬಿಗಿಯಾಗಿ.

ಒಂದು ಸಲ ಏಳನೆಯ ಸ್ಥಾನ!
ರಾತ್ರಿ ಮೂರಕ್ಕೆ ಮಡಿಕೇರಿಯನ್ನು ಎಬ್ಬಿಸಿದರು,
ಮಡಿಕೇರಿ ಸೋಮವಾರಪೇಟೆಯನ್ನು ಎಬ್ಬಿಸಿತು,
ಸೋಮವಾರಪೇಟೆ ಯಾಕೆಂದು ಕೇಳದೆ ಶನಿವಾರಸಂತೆಗೆ ದಾಟಿಸಿತು.
ಜಿಲ್ಲೆಯ ಆಪರೇಟರುಗಳೆಲ್ಲ ಖುಷಿಪಟ್ಟರು,
ಯಾವ ದೇಶ, ಎಂತ ಹಾಡು, ದೇವರಿಗೇ ಗೊತ್ತು.
ನನಗೆ ಸ್ಟೀಲು ಲೋಟದಲ್ಲಿ ನೆಲ್ಲಿಕಾಯಿ ವೈನು.

ಇನ್ನೊಂದು ಸಲ ಆ ದೇಶ ಅಂಕ ಹೇಳುವ ಸರದಿ,
ಲೈನೇ ಸತ್ತಿತು.
ನಿರೂಪಕಿ ಹಲೋ ಅಂದಳು. ಹಲೋ. ಹಲೋ.
ಸಭೆ ನಕ್ಕಿದ್ದು ಕೊಡಗಿನವರೆಗೂ ಕೇಳಿಸಿತು.
ಚೋಂದಮ್ಮನವರು ಎದ್ದು ನಿಂತು
ತಮ್ಮ ಬೋರ್ಡಿನ ಖಾಲಿ ತೂತಿಗೆ ಪ್ಲಗ್ಗು ಚುಚ್ಚಿ
ಕೀ ಒತ್ತಿ, ಇಲಾಖೆಯ ದನಿಯಲ್ಲಿ ಅಂದರು:
"ಮಾತಾಡಿ. ಲೈನಿನಲ್ಲಿದ್ದಾರೆ."
ನಾನು ನಗಲಿಲ್ಲ. ಟಾರ್ಚು ತಗೊಂಡು ಹೊರಗೆ ಹೋಗಿ
ನಮ್ಮ ಕಂಬ ನೆಟ್ಟಗಿದೆಯೇ ನೋಡಿ ಬಂದೆ.

ಆಟೋಮ್ಯಾಟಿಕ್ ಬಂತು. ಬೋರ್ಡನ್ನು ಗುಜರಿಯವನು
ತೂಕಕ್ಕೆ ಕೊಂಡ. ನೆಲದಲ್ಲಿ ಸ್ಟೂಲಿನ ನಾಲ್ಕು ಕಾಲಿನ ಗುರುತು.
ಬೀಳ್ಕೊಡುಗೆಗೆ ಗೋಡೆ ಗಡಿಯಾರ ಕೊಟ್ಟೆವು.
ಭಾಷಣ ಬಾರದು ಅಂದವರು ಒಂದೇ ಮಾತು ಹೇಳಿದರು:
"ಇನ್ನು ಊರಾಚೆಗೆ ಮಾತಾಡಲು ನಾನು ಬೇಡ.
ಮೊದಲು ಸೊನ್ನೆ ಒತ್ತಿ."
ಎಲ್ಲ ಚಪ್ಪಾಳೆ ತಟ್ಟಿದರು,
ಎಸ್‌ಟಿಡಿಯ ಮಾತು ಎಂದುಕೊಂಡು.

ಆ ಪುಟ ನನ್ನ ಹತ್ತಿರ ಇದೆ.
ಕೊನೆಯ ಸಾಲಲ್ಲಿ ವರ್ಷ ಇದೆ, ಸ್ಥಾನ ಬರೆದಿಲ್ಲ.
ಅವತ್ತು ಸಿಡಿಲು ಬಡಿದು ನಾನು ಅಮ್ಮತ್ತಿಯ ಕಂಬದ ಮೇಲಿದ್ದೆ,
ರೇನ್‌ಕೋಟಿನೊಳಗೂ ಮಳೆ,
ಕಿವಿಗೆ ಟೆಸ್ಟ್ ಫೋನು ಒತ್ತಿ, ಹಲೋ, ಕೇಳಿಸುತ್ತದಾ, ಅನ್ನುತ್ತಾ.
"ಕೇಳಿಸುತ್ತದೆ ಐತಪ್ಪ," ಅಂದರು, ಹಿಂದೆ ಯಾವುದೋ ಹಾಡು,
"ಇಳಿ ಇನ್ನು."